ನಮ್ಮ ಲ್ಯಾಪ್‌ಟಾಪಿಗೆ ಕಾಳಿ ನುಗ್ಗಿದ ಪ್ರಸಂಗ

ನಾನು ಯಂತ್ರಗಳಿಗೆ ಹೆದರುವ ಮನುಷ್ಯನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಸ್ಟೋರ್ ವಿಭಾಗದವನು ನಾನು. ಬೇರಿಂಗು, ಬೆಲ್ಟು, ಬೋಲ್ಟುಗಳ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅವುಗಳನ್ನು ಜೋಡಿಸಲು ಬರುವುದಿಲ್ಲ ನಿಜ, ಆದರೆ ಯಾವುದು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಮೊದಲು ಬಿಚ್ಚುವವನು ನಾನೇ. ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮಕ್ಬೂಲ್ ಭಾಯಿಯ ಅಂಗಡಿಗೆ ಓಡುವವನೂ ನಾನೇ! ಮಕ್ಬೂಲ್ ಭಾಯಿ ನಮ್ಮ ಪಕ್ಕದ ಮನೆಯವರು. ಪಂಪು, ಮೋಟಾರು ರಿವೈಂಡಿಂಗ್ ಅವರ ಕಸುಬು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ಲ್ಯಾಪ್‌ಟಾಪು ನನಗೊಂದು ನೋಟಿಸು ಕೊಟ್ಟಿತು. ಇನ್ನು ಮುಂದೆ ಈ ಯಂತ್ರಕ್ಕೆ ಅಪ್‌ಡೇಟು ಬರುವುದಿಲ್ಲ, ಹೊಸ ಕಂಪ್ಯೂಟರ್ ಕೊಳ್ಳುವುದು ಒಳ್ಳೆಯದು ಎಂಬ ಅರ್ಥದ ಇಂಗ್ಲಿಷು. ನನಗೆ ರೇಗಿತು. ನನ್ನ ಮನೆಯಲ್ಲಿ ಕೂತು, ನನ್ನ ಕರೆಂಟು ತಿಂದು, ನನಗೇ ಉಪದೇಶ! ಮೊಬೈಲಿನಲ್ಲಿ ಹುಡುಕಿದೆ. ಲಿನಕ್ಸ್ ಎಂಬುದೊಂದು ಇದೆಯಂತೆ, ಹಳೆಯ ಕಂಪ್ಯೂಟರಿಗೆ ಮರುಜನ್ಮ ಕೊಡುತ್ತದಂತೆ, ವೈರಸ್ಸು ಹತ್ತಿರ ಸುಳಿಯುವುದಿಲ್ಲವಂತೆ. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ ಗುಣ ಇನ್ನೊಂದಿತ್ತು. ಅದು ಪುಕ್ಕಟೆ.

ಒಂದೇ ತೊಡಕು. ಆ ಲ್ಯಾಪ್‌ಟಾಪಿಗೆ ಹೆಸರಿಗೆ ನಾನು ಯಜಮಾನನಾದರೂ ನಿಜವಾದ ಯಜಮಾನಿ ನನ್ನ ಹೆಂಡತಿ ಸುನಂದಾ. ಅವಳು ಮನೆಯಲ್ಲೇ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು ಇಟ್ಟುಕೊಂಡಿದ್ದಾಳೆ. ಲ್ಯಾಪ್‌ಟಾಪಿನಲ್ಲಿ ಡಿಸೈನು ಬಿಡಿಸುತ್ತಾಳೆ, ಪೆನ್‌ಡ್ರೈವಿಗೆ ಹಾಕುತ್ತಾಳೆ, ಪೆನ್‌ಡ್ರೈವನ್ನು ಮಷೀನಿಗೆ ಸಿಕ್ಕಿಸುತ್ತಾಳೆ. ಮಷೀನು ಟಕಟಕ ಎಂದು ಜಂಪರಿನ ಮೇಲೆ ನವಿಲು, ಮಾವಿನಕಾಯಿ ಹಾಕಿಕೊಡುತ್ತದೆ. ಓಣಿಯ ಹೆಂಗಸರೆಲ್ಲ ಅವಳ ಹತ್ತಿರವೇ ಬರುತ್ತಾರೆ.

ಆಗ ಅವಳ ಕೈಯಲ್ಲಿದ್ದದ್ದು ದೀಪಾಳ ಮದುವೆಯ ಜಂಪರು. ದೀಪಾ ನಮ್ಮ ಓಣಿಯ ಶಾಂತಕ್ಕನ ಮಗಳು. ಬಾಯಿ ಬಿಟ್ಟು ಏನನ್ನೂ ಕೇಳುವ ಹುಡುಗಿಯಲ್ಲ. ಸೀರೆಯನ್ನು ತಾಯಿ ಆರಿಸಿದಳು, ಬಳೆಯನ್ನು ಅಜ್ಜಿ ಆರಿಸಿದಳು, ಹುಡುಗನನ್ನು ಎಲ್ಲರೂ ಸೇರಿ ಆರಿಸಿದರು. ಹುಡುಗ ಜೋಯಿಡಾ ಕಡೆ ಫಾರೆಸ್ಟ್ ಗಾರ್ಡು. ಅದು ಗೊತ್ತಾದ ಮೇಲೆ ದೀಪಾ ಒಂದು ಮಧ್ಯಾಹ್ನ ಸುನಂದಾಳ ಹತ್ತಿರ ಬಂದು, ಬಾಗಿಲು ಮುಂದೆ ಮಾಡಿ, ಜಂಪರಿನ ಎರಡು ತೋಳಿನ ಮೇಲೆ ಒಂದೊಂದು ಹಾರ್ನ್‌ಬಿಲ್ ಹಕ್ಕಿ ಹಾಕಿಕೊಡ್ತೀರಾ ಎಂದು ಕೇಳಿದ್ದಳು. ಹಾರ್ನ್‌ಬಿಲ್ ಎಂದರೆ ನಮ್ಮ ಕಾಡಿನ ಮಂಗಟ್ಟೆ, ದೊಡ್ಡ ಹಳದಿ ಕೊಕ್ಕಿನದು. ಹೆಣ್ಣು ಪೊಟರೆಯೊಳಗೆ ಮೊಟ್ಟೆಯಿಟ್ಟು ಕೂತಾಗ ಗಂಡು ದಿನವೂ ತುತ್ತು ತಂದು ಉಣಿಸುತ್ತದಂತೆ. ಈ ವಿಷಯವನ್ನು ನಮ್ಮ ಮನೆಯಲ್ಲಿ ನನಗೆ ಕೇಳಿಸುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಲಾಯಿತು.

ಅಂಥ ಡಿಸೈನು ಎಲ್ಲೂ ಸಿಗಲಿಲ್ಲ. ಸುನಂದಾ ತಾನೇ ಕೂತು ಗರಿಗರಿಯಾಗಿ ಬಿಡಿಸಿದಳು. ಅಳಿಸಿದಳು, ಮತ್ತೆ ಬಿಡಿಸಿದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಬೀಳುತ್ತಿರಲಿಲ್ಲ. ಆದರೆ ಹಕ್ಕಿಗಳು ಮಾತ್ರ ಕಣ್ಣು ಮಿಟುಕಿಸುತ್ತವೆಯೋ ಎಂಬಷ್ಟು ಚೆನ್ನಾಗಿ ಬಂದವು.

ಇಂಥ ಹೊತ್ತಿನಲ್ಲಿ ನಾನು ಲಿನಕ್ಸಿನ ಮಾತು ತೆಗೆದೆ.

"ರೀ, ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಸುನಂದಾ. "ದೀಪಾನ ಜಂಪರ್ ಮುಗಿಯೂತನಕ ಅದು ಹೆಂಗ ಐತಿ ಹಂಗ ಇರ್ಲಿ."

"ನಾ ಎಲ್ಲಿ ಕೈ ಹಚ್ಚತೇನಿ? ಬರೇ ನೋಡತೇನಿ."

"ಮಿಕ್ಸರ್‌ನೂ ಬರೇ ನೋಡಿದ್ರಿ."

ನಾನು ಘನತೆಯಿಂದ ಮೊಬೈಲಿನ ಕಡೆ ತಿರುಗಿದೆ. ಲಿನಕ್ಸ್ ಎಂದರೆ ಒಂದು ಎಂದುಕೊಂಡಿದ್ದೆ. ಅಲ್ಲ, ನೂರಾರು! ಒಂದೊಂದಕ್ಕೂ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಡಿಸ್ಟ್ರಿಬ್ಯೂಷನ್ ಎಂದರೆ ನನಗೆ ಗೊತ್ತಿದ್ದದ್ದು ರೇಷನ್ ಅಂಗಡಿಯದು, ಅಲ್ಲಿ ಎಲ್ಲರಿಗೂ ಒಂದೇ ಅಕ್ಕಿ. ಇಲ್ಲಿ ಉಬುಂಟು, ಫೆಡೋರಾ, ಡೆಬಿಯನ್ ಎಂದು ಸಾಲು ಮುಗಿಯುವುದೇ ಇಲ್ಲ. ಒಂದರೊಳಗೆ ಮತ್ತೆ ನಾಲ್ಕಾರು ಬಗೆ.

"ಮಿಂಟ್ ಅಂತ ಒಂದೈತಿ," ಎಂದು ಗಟ್ಟಿಯಾಗಿ ಓದಿದೆ. "ಅದರಾಗ ಸಿನಮನ್ ಅಂತ ಒಂದು ತರಾ."

"ಪುದೀನಾ, ದಾಲ್ಚಿನ್ನಿ," ಎಂದಳು ಸುನಂದಾ, ಒಲೆಯ ಮುಂದಿನಿಂದಲೇ. "ಕಂಪ್ಯೂಟರ್‌ಗೆ ಹಾಕ್ತೀರೋ, ಅನ್ನಕ್ಕ ಒಗ್ಗರಣಿ ಹಾಕ್ತೀರೋ?"

ಆ ಕ್ಷಣದಲ್ಲೇ ಮಿಂಟ್ ನನ್ನ ಮನಸ್ಸಿನಿಂದ ಇಳಿದುಹೋಯಿತು. ಗಿರಣಿಯಲ್ಲಿ ಯಾರಾದರೂ ಕೇಳಿದರೆ ಪುದೀನಾ ಹಾಕಿಕೊಂಡಿದ್ದೇನೆ ಎನ್ನಲೇ?

ತಿಳಿದವರನ್ನೇ ಕೇಳೋಣವೆಂದು ಅಂತರ್ಜಾಲದ ಒಂದು ಚರ್ಚಾಕಟ್ಟೆಯಲ್ಲಿ "ನಾನು ಹೊಸಬ, ಯಾವ ಲಿನಕ್ಸ್ ಒಳ್ಳೆಯದು?" ಎಂದು ಬರೆದೆ. ಮೊದಲನೆಯವನು ಉಬುಂಟು ಎಂದ. ಎರಡನೆಯವನು ಮೊದಲನೆಯವನಿಗೆ ತಲೆ ಕೆಟ್ಟಿದೆ ಎಂದ. ಮೂರನೆಯವನು ಇಬ್ಬರನ್ನೂ ಬೈದು, ಎಲ್ಲವನ್ನೂ ನೀನೇ ಮೊದಲಿನಿಂದ ಕಟ್ಟಿಕೋ, ಆಗ ಕಲಿಯುತ್ತೀ ಎಂದು ನನಗೆ ಹೇಳಿದ. ಸಂಜೆಯ ಹೊತ್ತಿಗೆ ಅವರು ನನ್ನನ್ನು ಪೂರ್ತಿ ಮರೆತು ತಮ್ಮತಮ್ಮೊಳಗೇ ಜಗಳ ಹತ್ತಿಸಿಕೊಂಡಿದ್ದರು. ಒಬ್ಬ ಪುಣ್ಯಾತ್ಮ ಮಾತ್ರ "ಮಿಂಟ್ ಹಾಕಿಕೊಳ್ಳಿ, ಅದಕ್ಕೂ ಮೊದಲು ನಿಮ್ಮ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ" ಎಂದು ಬರೆದಿದ್ದ. ಇಷ್ಟು ಸರಳವಾದ ಸಲಹೆ ಸರಿಯಿರಲಾರದು ಎಂದು ನಾನು ಅದನ್ನು ದಾಟಿ ಮುಂದೆ ಹೋದೆ.

ಮುಂದೆ ಹೋದಾಗಲೇ ಅದು ಕಣ್ಣಿಗೆ ಬಿತ್ತು. ಕಾಳಿ ಲಿನಕ್ಸ್!

ಒಂದು ಕ್ಷಣ ಮೈ ಜುಮ್ಮೆಂದಿತು. ಕಾಳಿ! ಜೋಯಿಡಾದ ಘಟ್ಟದಲ್ಲಿ ಹುಟ್ಟಿ, ನಮ್ಮೂರ ಮಗ್ಗುಲಲ್ಲಿ ಹರಿಯುವ, ನಾವು ಕುಡಿಯುವ, ನಮ್ಮ ಗಿರಣಿಯೂ ಕುಡಿಯುವ ಕಾಳಿ ನದಿ! ಮೊಬೈಲು ಹಿಡಿದುಕೊಂಡು ಮಕ್ಬೂಲ್ ಭಾಯಿಯ ಅಂಗಡಿಗೆ ನಡೆದೆ. ಅವರು ಒಂದು ಮೋಟಾರಿನ ಹೊಟ್ಟೆಯೊಳಗೆ ತಾಮ್ರದ ತಂತಿ ಸುತ್ತುತ್ತಿದ್ದರು.

"ಭಾಯಿ, ಇದನ್ನ ಓದ್ರಿ."

ಅವರು ಕನ್ನಡಕ ಏರಿಸಿ ಓದಿದರು. "ಕಾಳಿ… ಅರೇ ವಸಂತಣ್ಣಾ, ನಮ್ಮ ಹೊಳಿ!"

"ಚಿತ್ರ ನೋಡ್ರಿ."

ಹೆಸರಿನ ಪಕ್ಕದಲ್ಲಿ ಡೊಂಕಾಗಿ ಬಾಯಿ ತೆರೆದ ಒಂದು ಪ್ರಾಣಿಯಿತ್ತು. ಅದು ಡ್ರ್ಯಾಗನ್ ಎಂದು ನನಗೆ ಆಮೇಲೆ ತಿಳಿಯಿತು. ದಾಂಡೇಲಿಯವರಿಗೆ ಡ್ರ್ಯಾಗನ್ ಎಲ್ಲಿಂದ ಹೊಳೆಯಬೇಕು?

"ಮೊಸಳಿ!" ಎಂದರು ಮಕ್ಬೂಲ್ ಭಾಯಿ. "ಬಿಲ್ಕುಲ್ ನಮ್ಮ ದಾಂಡೇಲಿ ಮೊಸಳಿ. ಜೋಯಿಡಾ ಕಡೇದಾವ್ರು ಯಾರೋ ಇಂಜಿನೇರ ಮಾಡಿರಬೇಕ್ರಿ. ಊರಿನ ಹೆಸರ ಮರ್ತಿಲ್ಲ ನೋಡ್ರಿ, ದೊಡ್ಡ ಮನಶಾ."

ನನಗೆ ಇನ್ನೂ ಒಂದು ಸಣ್ಣ ಅನುಮಾನವಿತ್ತು. ಕೆಳಗಿನ ವಿವರ ಓದಿದ ಮೇಲೆ ಅದೂ ಹೋಯಿತು. ಈ ಲಿನಕ್ಸ್ ಮುಖ್ಯವಾಗಿ 'ಪೆನೆಟ್ರೇಷನ್ ಟೆಸ್ಟಿಂಗ್' ಮಾಡುವವರಿಗೆ ಎಂದು ಬರೆದಿತ್ತು. ಪೆನೆಟ್ರೇಷನ್ ಟೆಸ್ಟು ನನಗೆ ಗೊತ್ತಿಲ್ಲವೇ? ಕಾಗದದ ಮೇಲೆ ಶಾಯಿ ಹಾಕಿ ಅದು ಎಷ್ಟು ಒಳಗಿಳಿಯುತ್ತದೆ ಎಂದು ನೋಡುವ ಪರೀಕ್ಷೆ. ನಮ್ಮ ಗಿರಣಿಯ ಲ್ಯಾಬಿನಲ್ಲಿ ದಿನಬೆಳಗಾದರೆ ಅದೇ ಕೆಲಸ! ಹೆಸರು ಕಾಳಿ, ಗುರುತು ಮೊಸಳೆ, ಕೆಲಸ ಕಾಗದದ ಪರೀಕ್ಷೆ. ಇದು ದಾಂಡೇಲಿಗಾಗಿಯೇ ಮಾಡಿದ ಲಿನಕ್ಸ್ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಹೊಸಬರಿಗೆ ಇದು ತಕ್ಕುದಲ್ಲ ಎಂದು ಅವರೇ ಒಂದು ಕಡೆ ಬರೆದುಕೊಂಡಿದ್ದರು. ಅದನ್ನು ನಾನು ನಮ್ಮ ಕಡೆಯವರ ವಿನಯ ಎಂದು ತಿಳಿದೆ.

ಸೋಮವಾರ ಸುನಂದಾ ಮಳಗಿ ಎಂಬ ಊರಿಗೆ ಹೊರಟಳು. ಅಲ್ಲಿ ಅವಳ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ಬಸ್ಸು ಹತ್ತುವಾಗ ಅವಳು ಹೇಳಿದ್ದು ಇಷ್ಟೇ: "ಹಕ್ಕಿ ರೆಡಿ ಅದಾವ. ಬುಧವಾರ ಬಂದು ಮಷೀನಿಗೆ ಹಚ್ಚಿದ್ರ ಮುಗೀತು. ನೀವು ಬರೇ ಹಾಲು ಕಾಯಿಸಿ ಇಟಗೋರಿ."

ಹಾಲು ಕಾಯಿಸಿದೆ. ಅದು ಉಕ್ಕಿತು. ಆ ಕಥೆ ಬೇಡ.

ಗಿರಣಿಗೆ ಎರಡು ದಿನ ರಜೆ ಹಾಕಿ, ಅವಳು ಬರುವುದರೊಳಗೆ ಲ್ಯಾಪ್‌ಟಾಪು ಸರಸರ ಓಡುವಂತೆ ಮಾಡಿ, "ಹೆಂಗ?" ಎಂದು ಕೇಳುವುದು ನನ್ನ ಯೋಜನೆ. ಮೊದಲು ಕಾಳಿಯನ್ನು ಇಳಿಸಿಕೊಳ್ಳಬೇಕಲ್ಲ? ಮನೆಯ ಇಂಟರ್‌ನೆಟ್ಟಿನಲ್ಲಿ ಅದು ಕಾಲುಭಾಗ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಆಗ ಮಕ್ಬೂಲ್ ಭಾಯಿಗೆ ನದಿ ದಂಡೆಯ ಕೋಗಿಲಬನದ ಒಂದು ಹೋಮ್‌ಸ್ಟೇ ನೆನಪಾಯಿತು. ಅದರ ನೀರಿನ ಪಂಪು ಕಟ್ಟಿಕೊಟ್ಟವರು ಅವರೇ. ಅಲ್ಲಿ ಪ್ರವಾಸಿಗರಿಗಾಗಿ ಜೋರಾದ ವೈಫೈ ಇದೆ.

"ಹೋಗೂಣು ನಡೀರಿ," ಎಂದರು. ಅವರ ಸ್ಕೂಟರಿನ ಹಿಂದೆ ಲ್ಯಾಪ್‌ಟಾಪನ್ನು ಮಗುವಿನಂತೆ ಅಪ್ಪಿಕೊಂಡು ಕೂತೆ.

ಹೋಮ್‌ಸ್ಟೇಯ ಜಗಲಿಯಲ್ಲಿ ಮಧ್ಯಾಹ್ನವಿಡೀ ಕೂತೆವು. ಮುಂದೆ ಕಾಳಿ ನದಿ ಹರಿಯುತ್ತಿತ್ತು, ಮಡಿಲಲ್ಲಿ ಕಾಳಿ ಲಿನಕ್ಸ್ ಇಳಿಯುತ್ತಿತ್ತು. ಲೈಫ್ ಜಾಕೆಟ್ ತೊಟ್ಟ ಪ್ರವಾಸಿಯೊಬ್ಬರು ಬಗ್ಗಿ ನೋಡಿ, "ಏನ್ ಡೌನ್‌ಲೋಡ್ ಮಾಡ್ತಿದ್ದೀರಿ ಸರ್?" ಎಂದು ಕೇಳಿದರು.

ನಾನು ನದಿಯ ಕಡೆ ಬೆರಳು ತೋರಿಸಿ, "ಇದನ್ನ," ಎಂದೆ.

ಅವರು ಮತ್ತೇನೂ ಕೇಳದೆ ದೋಣಿ ಹತ್ತಿದರು. ನಾಲ್ಕನೇ ಕಪ್ಪು ಚಹಾ ಮುಗಿಯುವ ಹೊತ್ತಿಗೆ ಕಾಳಿ ಪೂರ್ತಿ ಇಳಿದು ಬಂತು.

ಮರುದಿನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಶಾಸ್ತ್ರೋಕ್ತವಾಗಿ ಕೆಲಸ ಆರಂಭವಾಯಿತು. ಇಳಿಸಿಕೊಂಡದ್ದನ್ನು ಪೆನ್‌ಡ್ರೈವಿಗೆ ಏರಿಸಬೇಕು ಎಂದು ಸೂಚನೆಯಲ್ಲಿತ್ತು. ಸುನಂದಾಳ ಹೊಲಿಗೆಯ ಡಬ್ಬಿಯಲ್ಲಿ, ದಾರದ ಉಂಡೆಗಳ ನಡುವೆ ಒಂದು ಪೆನ್‌ಡ್ರೈವು ಸಿಕ್ಕಿತು. ಬೇಜವಾಬ್ದಾರಿಯಿಂದ ವರ್ತಿಸುವವನು ನಾನಲ್ಲ, ಒಳಗೇನಿದೆ ಎಂದು ತೆರೆದು ನೋಡಿದೆ. ಹಲವು ಫೈಲುಗಳಿದ್ದವು. ಒಂದೊಂದನ್ನೂ ಒತ್ತಿದೆ. ಯಾವುದೂ ತೆರೆಯಲಿಲ್ಲ. ತೆರೆಯದ ಫೈಲು ಕೆಟ್ಟ ಫೈಲು ಎಂದು ತೀರ್ಮಾನಿಸಿದೆ. ಅವು ಎಂಬ್ರಾಯ್ಡರಿ ಮಷೀನಿಗೆ ಮಾತ್ರ ಅರ್ಥವಾಗುವ ಫೈಲುಗಳು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ನಾನು ಮಷೀನಲ್ಲವಲ್ಲ!

ಈ ಪೆನ್‌ಡ್ರೈವಿನಲ್ಲಿರುವುದೆಲ್ಲ ನಾಶವಾಗುತ್ತದೆ, ಖಾತ್ರಿಯೇ ಎಂದು ಕಂಪ್ಯೂಟರು ಕೇಳಿತು. ಖಾತ್ರಿ ಎಂದೆ. ನಿಜವಾಗಿಯೂ ಖಾತ್ರಿಯೇ ಎಂದು ಮತ್ತೆ ಕೇಳಿತು. ಗಂಡಸಿಗೆ ಎರಡೆರಡು ಸಲ ಕೇಳುವುದೆಂದರೇನು? ಇನ್ನೂ ಜೋರಾಗಿ ಒತ್ತಿದೆ.

ಆಮೇಲೆ ಲ್ಯಾಪ್‌ಟಾಪನ್ನು ಆರಿಸಿ, ಪೆನ್‌ಡ್ರೈವು ಸಿಕ್ಕಿಸಿ, ಮತ್ತೆ ಹೊತ್ತಿಸಿದೆ. ಮೊಸಳೆ ಬಂತು! ಮಕ್ಬೂಲ್ ಭಾಯಿ "ಮಾಶಾಲ್ಲಾ" ಎಂದರು. ಕೆಳಗೆ ಮೊದಲನೆಯ ಸಾಲಿನಲ್ಲಿ 'ಲೈವ್' ಎಂದಿತ್ತು. ಇನ್ನೊಂದರಲ್ಲಿ 'ಇನ್‌ಸ್ಟಾಲ್' ಎಂದಿತ್ತು.

"ಲೈವ್ ಅಂದ್ರ ಟೀವಿಯಾಗ ಬರ್ತೈತಲ್ಲ, ಅದ ಏನ್ರಿ?" ಎಂದು ಕೇಳಿದರು ಭಾಯಿ.

"ಅದ. ನಾವು ಕೂತಿದ್ದು ಜಗತ್ತಿಗೆಲ್ಲಾ ಕಾಣತೈತಿ."

ನಾನು ನನ್ನನ್ನು ನೋಡಿಕೊಂಡೆ. ಸೆಕೆಗೆ ಅಂಗಿ ತೆಗೆದಿದ್ದೆ. ಮೈಮೇಲಿದ್ದ ಬನಿಯನ್ನಿನ ಭುಜದ ಹತ್ತಿರ ಸಾಕಷ್ಟು ದೊಡ್ಡ ತೂತಿತ್ತು. ಮರ್ಯಾದಸ್ಥನಾದ ನಾನು ಲೈವ್ ಬಿಟ್ಟು ಇನ್‌ಸ್ಟಾಲ್ ಒತ್ತಿದೆ.

ಲೈವ್ ಎಂದರೆ ಕಂಪ್ಯೂಟರಿನ ಒಳಗಿರುವುದನ್ನು ಏನೂ ಮುಟ್ಟದೆ, ಹೊಸ ಲಿನಕ್ಸಿನ ರುಚಿಯನ್ನಷ್ಟೇ ನೋಡುವ ವ್ಯವಸ್ಥೆ ಎಂದು ಈಗ ನನಗೆ ಗೊತ್ತು. ಅಂದು ಒಂದು ಅಂಗಿ ತೊಟ್ಟಿದ್ದರೆ ಎಲ್ಲವೂ ಉಳಿಯುತ್ತಿತ್ತು!

ಭಾಷೆ ಯಾವುದು ಎಂದು ಕೇಳಿತು. ಸಾಲಿನಲ್ಲಿ ಕನ್ನಡವೂ ಇತ್ತು. ನೋಡಿದಿರಾ, ನಮ್ಮ ಕಡೆಯವನೇ ಎಂದು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದೆವು. ಕನ್ನಡವನ್ನು ಒತ್ತಿದ ಮೇಲೆ ಬಂದ ಪ್ರಶ್ನೆಗಳು ಎಷ್ಟು ಶುದ್ಧವಾದ ಕನ್ನಡದಲ್ಲಿದ್ದವೆಂದರೆ ನಮಗೆ ಒಂದೂ ತಿಳಿಯಲಿಲ್ಲ. ಹಾಗೂ ಹೀಗೂ ಮುಂದೆ ಸಾಗಿದೆವು. ಕೊನೆಗೆ ಡಿಸ್ಕನ್ನು ಪಾಲು ಮಾಡುವ ವಿಷಯ ಬಂತು. ಒಂದು ಪಾಲು ಹಳೆಯದಕ್ಕೆ ಬಿಟ್ಟು ಇನ್ನೊಂದು ಪಾಲಿನಲ್ಲಿ ಹೊಸದನ್ನು ಹಾಕಬಹುದು, ಇಲ್ಲವೇ ಇಡೀ ಡಿಸ್ಕನ್ನೇ ಹೊಸದಕ್ಕೆ ಕೊಟ್ಟುಬಿಡಬಹುದು.

"ಪಾಲು ಮಾಡೂಣೇನ್ರಿ ಭಾಯಿ?"

ಮಕ್ಬೂಲ್ ಭಾಯಿಯ ಮುಖ ಸಣ್ಣದಾಯಿತು. "ವಸಂತಣ್ಣಾ, ಪಾಲಿನ ಹೆಸರ ತಗೀಬ್ಯಾಡ್ರಿ. ನಾವು ಅಣ್ಣತಮ್ಮಂದಿರು ಒಂದು ಮನಿ ಪಾಲು ಮಾಡಾಕ ಹೋಗಿ ಇನ್ನೂ ಹಳಿಯಾಳ ಕೋರ್ಟಿಗೆ ಅಡ್ಡಾಡಾಕತ್ತೇವಿ. ನಡುವ ಗ್ವಾಡಿ ಎದ್ರ ಮುಗೀತು, ಅಕ್ಕಡಿದು ಇಕ್ಕಡಿಗೆ ಬರೂದಿಲ್ಲ. ಇಡೀದ್ದ ತಗೊಂಬಿಡ್ರಿ."

ಅನುಭವದ ಮಾತು. ಇಡೀ ಡಿಸ್ಕನ್ನು ಕಾಳಿಗೆ ಧಾರೆಯೆರೆದುಬಿಟ್ಟೆ.

ಬುಧವಾರ ಸಂಜೆ ಸುನಂದಾ ಬಂದಳು. ಕಾಲು ತೊಳೆದು ಬರುವವರೆಗೆ ಕಾದು, ಲ್ಯಾಪ್‌ಟಾಪನ್ನು ಅವಳ ಮುಂದಿಟ್ಟು, "ಹೆಂಗ?" ಎಂದೆ. ಕಪ್ಪು ಪರದೆಯ ಮೇಲೆ ಮೊಸಳೆ ಮಿಂಚುತ್ತಿತ್ತು.

ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. "ನನ್ನ ಡಿಸೈನ್ ಫೋಲ್ಡರ್ ಎಲ್ಲೈತ್ರಿ?"

"ಇರ್ತೈತಿ ಒಳಗ ಎಲ್ಲರೆ." ಹುಡುಕಿದೆ. ಮೆನುವಿನಲ್ಲಿ ಉದ್ದುದ್ದ ಹೆಸರುಗಳಿದ್ದವು, ಎಂಬ್ರಾಯ್ಡರಿ ಇರಲಿಲ್ಲ, ಹಕ್ಕಿ ಇರಲಿಲ್ಲ, ಕಳೆದ ವರ್ಷದ ನವಿಲು ಸಹ ಇರಲಿಲ್ಲ.

"ಹೋಗ್ಲಿ, ಪೆನ್‌ಡ್ರೈವ್‌ನಾಗ ಐತಿ," ಎಂದು ಅವಳು ಹೊಲಿಗೆಯ ಡಬ್ಬಿಗೆ ಕೈ ಹಾಕಿದಳು.

ನಾನು ಮೆಲ್ಲಗೆ ಲ್ಯಾಪ್‌ಟಾಪಿನ ಪಕ್ಕದಿಂದ ಪೆನ್‌ಡ್ರೈವು ಕಿತ್ತು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಷೀನಿಗೆ ಸಿಕ್ಕಿಸಿದಳು. ಮಷೀನು ಒಮ್ಮೆ ಕೀ ಎಂದಿತು. ಪರದೆ ಖಾಲಿ.

ಸುನಂದಾ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತಳು. "ಆ ಹುಡುಗಿ ಜೀವನದಾಗ ಒಂದ ಕೇಳಿದ್ಲು," ಎಂದಳು. "ಏನಂತ ಹೇಳ್ಲಿ ಅಕಿಗೆ?" ನನಗೆ ನಿಜವಾಗಿಯೂ ನಾಚಿಕೆಯಾಯಿತು. ಏನಾದರೂ ಹೇಳಬೇಕೆನಿಸಿ, "ಮೊಸಳಿ ಬೇಕಾದ್ರ ಐತಿ," ಎಂದೆ. ಆ ಸಮಯದಲ್ಲಿ ಹಾಗೆ ಹೇಳಬಾರದಿತ್ತು.

ಸರಿಯಾಗಿ ಆಗಲೇ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಬಂದವರು ಶಾಂತಕ್ಕನ ಅಣ್ಣ ಬಸವಂತಪ್ಪ, ದೀಪಾಳ ಸೋದರಮಾವ. ಹಳಿಯಾಳದಲ್ಲಿ ಪೊಲೀಸ್ ಹವಾಲ್ದಾರರು. ಅವರ ಮನೆತನದಲ್ಲಿ ಅಕ್ಕಿಕಾಳಿನ, ಅಂದರೆ ಅಕ್ಷತೆ ಬೀಳುವ, ಹೊತ್ತಿಗೆ ಮದುಮಗಳು ಉಡುವ ಸೀರೆ, ತೊಡುವ ಜಂಪರು ಎರಡೂ ಸೋದರಮಾವನದ್ದೇ ಆಗಬೇಕು. ಜಂಪರು ಎಲ್ಲಿಗೆ ಬಂತೆಂದು ನೋಡಲು ಡ್ಯೂಟಿ ಮುಗಿಸಿ ಹಾಗೆಯೇ ಖಾಕಿಯಲ್ಲಿ ಬಂದಿದ್ದರು.

"ಏನ್ರಿ ತಂಗ್ಯಾರ, ನಮ್ಮ ಹುಡುಗಿ ಜಂಪರ್…" ಎನ್ನುತ್ತಿದ್ದವರ ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. ಹತ್ತಿರ ಬಂದು ಬಗ್ಗಿದರು. "ಇದು ಯಾರದ್ರಿ?"

"ನಂದ," ಎಂದೆ. ಸೋತವನಿಗೂ ಸ್ವಲ್ಪ ಅಭಿಮಾನ ಉಳಿದಿರುತ್ತದೆ. "ಕಾಳಿ. ನಮ್ಮ ಹೊಳೀದ."

"ಹೊಳೀದಲ್ರೀ ಇದು! ಸೈಬರ್ ಟ್ರೇನಿಂಗ್‌ನಾಗ ನಮಗ ಇದ ಚಿತ್ರಾ ತೋರಿಸ್ಯಾರ. ಹ್ಯಾಕಿಂಗ್ ಮಾಡಾವ್ರದು."

"ಹ್ಯಾಕಿಂಗ್ ಅಲ್ರಿ, ಪೆನೆಟ್ರೇಷನ್ ಟೆಸ್ಟಿಂಗ್. ಕಾಗದದಾಗ ಶಾಯಿ…"

"ಶಾಯಿ ಅಲ್ಲ, ಬಾಯಿ ಮುಚ್ಚರಿ! ಒಬ್ಬರ ಕಂಪ್ಯೂಟರ್‌ನಾಗ ನುಗ್ಗಾಕ ಬರ್ತೈತೋ ಇಲ್ಲೋ ನೋಡೂದಕ್ಕ ಹಂಗಂತಾರ. ಪರವಾನಗಿ ಇದ್ದಾವ್ರು ಮಾಡ್ತಾರ. ಸ್ಟೋರಿನಾಗ ಬೋಲ್ಟ್ ಎಣಿಸಾವ್ರಿಗೆ ಇದು ಯಾಕ ಬೇಕಾತು?"

ಅಷ್ಟರಲ್ಲಿ ಸಾಮಾನು ಕೇಳುವ ನೆಪದಲ್ಲಿ ಒಳಗೆ ಬಂದಿದ್ದ ಮಕ್ಬೂಲ್ ಭಾಯಿ ಖಾಕಿ ಕಂಡೊಡನೆ, "ಅಂಗಡ್ಯಾಗ ಮೋಟಾರ್ ಚಾಲೂ ಬಿಟ್ಟ ಬಂದೇನಿ," ಎಂದು ಬಂದ ಬಾಗಿಲಲ್ಲೇ ಹೊರಟುಹೋದರು. ನಾನು ಒಬ್ಬನೇ ಉಳಿದೆ. ನದಿ, ಮೊಸಳೆ, ಬನಿಯನ್ನು, ಪಾಲು, ಎಲ್ಲವನ್ನೂ ಮೊದಲಿನಿಂದ ಒಪ್ಪಿಸಿದೆ. "ಸಾಹೇಬ್ರ, ಬ್ಯಾರೇಯವರ ಕಂಪ್ಯೂಟರ್‌ನಾಗ ನುಗ್ಗಿಲ್ರಿ. ನಂದರಾಗ ನಾನ ನುಗ್ಗಿ, ನಾನ ಎಲ್ಲಾ ಹಾಳ ಮಾಡ್ಕೊಂಡೇನಿ."

ಹವಾಲ್ದಾರರು ಟೊಪ್ಪಿಗೆ ತೆಗೆದು ತಲೆ ಕೆರೆದರು. "ಲೂಟಿ ಮಾಡಿದಾಂವನೂ ನೀವ, ಲೂಟಿ ಆದಾಂವನೂ ನೀವ. ನಾ ಯಾರನ್ನ ಹಿಡೀಲಿ?" ಎಂದರು. ಆಮೇಲೆ ಸುನಂದಾಳ ಕಡೆ ತಿರುಗಿ, ದನಿ ಇಳಿಸಿ, "ತಂಗ್ಯಾರ, ಶನಿವಾರ ಮುಂಜಾನೆ ಸೀರಿ ಸಂಗಾಟ ಆಯೇರಿ ತಾಟಿನಾಗ ಇಡಬೇಕು. ಆಗತೈತೇನ್ರಿ?" ಎಂದು ಕೇಳಿದರು.

ಸುನಂದಾ ಎದ್ದು ನಿಂತಳು. "ಆಗತೈತ್ರಿ. ಕೈಲೆ ಹಾಕತೇನಿ."

ಅವಳ ತಾಯಿ ಕಲಿಸಿದ ಕಸೂತಿ ಅವಳ ಕೈಯಲ್ಲಿತ್ತು, ಮಷೀನು ಬಂದ ಮೇಲೆ ಅದಕ್ಕೆ ಕೆಲಸ ಬಿದ್ದಿರಲಿಲ್ಲ. ಗುರುವಾರ ಬೆಳಿಗ್ಗೆ ಬಲತೋಳಿನ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಹಕ್ಕಿಯನ್ನು ನೆನಪಿನಿಂದಲೇ ಬಿಡಿಸಿ ಕೂತಳು. ನಾನು ಗಿರಣಿಗೆ ಮತ್ತೆ ರಜೆ ಹಾಕಿ ಅಡುಗೆ ಮಾಡಿದೆ, ಸೂಜಿಗೆ ದಾರ ಪೋಣಿಸಿದೆ, ತಪ್ಪು ಬಣ್ಣ ಪೋಣಿಸಿ ಬೈಸಿಕೊಂಡೆ. ಅವಳು ಬೈಯತೊಡಗಿದಳು ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ ಇನ್ನೊಂದೆರಡು ಸಲ ಬೇಕೆಂದೇ ತಪ್ಪು ಪೋಣಿಸಿದೆ.

ಬಲತೋಳಿನ ಹಕ್ಕಿ ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯಿತು. ಮಷೀನಿನದಕ್ಕಿಂತ ಚೆಂದವಾಗಿತ್ತು. ಆದರೆ ಎಡತೋಳು ಇನ್ನೂ ಉಳಿದಿತ್ತು, ಜಂಪರು ಕೂಡಿಸಿ ಹೊಲಿಯುವುದೂ ಉಳಿದಿತ್ತು. ಸುನಂದಾ ಎಡತೋಳಿನ ಮೇಲೆ ಗೆರೆ ಎಳೆದು, ಗರಿಗಳನ್ನು ಅವಸರವಾಗಿ ಹಾಕಿ, ಬಟ್ಟೆ ಬಿಗಿದಿದ್ದ ಚೌಕಟ್ಟನ್ನು ನನ್ನ ಕೈಗೆ ಕೊಟ್ಟಳು.

"ಕೊಕ್ಕು ನೀವು ತುಂಬ್ರಿ. ಹಳದಿ ದಾರ. ಗೆರಿ ಬಿಟ್ಟು ಹೊರಗ ಹೋಗಬ್ಯಾಡ್ರಿ."

"ನಾನಾ?"

"ಎಡಗೈ ಸೆರಗಿನ ಕೆಳಗ ಮುಚ್ಚತೈತಿ. ಅದಕ್ಕ ನಿಮಗ ಕೊಟ್ಟೇನಿ."

ಈ ವಿಶ್ವಾಸಕ್ಕೆ ತಕ್ಕಂತೆ ದುಡಿದೆ. ಕೊಕ್ಕು ತುಂಬಿದ ಮೇಲೆ ಉತ್ಸಾಹ ಬಂದು ಕಣ್ಣನ್ನೂ ನಾನೇ ಹಾಕಿದೆ. ಸಂಜೆ ಬೇಲಿಯಾಚೆಯಿಂದ ಇಣುಕಿದ ಮಕ್ಬೂಲ್ ಭಾಯಿ ತಮ್ಮ ಕಸುಬಿನ ಲೆಕ್ಕದಲ್ಲಿ ನೋಡಿ, "ಸುತ್ತು ಭಾಳ ಬಿಗಿ ಆಗ್ಯಾವ ವಸಂತಣ್ಣಾ, ಕಾಯಿಲ್ ಸುಡತೈತಿ," ಎಂದರು. ನಿಜ, ದಾರ ಬಿಗಿಯಾಗಿ ಬಟ್ಟೆ ಮುದುಡಿ, ಕೊಕ್ಕು ಮೇಲಕ್ಕೆ ಸೊಟ್ಟಗಾಗಿತ್ತು. ಕಣ್ಣು ಕೊಕ್ಕಿನಷ್ಟೇ ದೊಡ್ಡದಾಗಿತ್ತು. ಬಿಚ್ಚಿ ಹಾಕಲು ಹೊತ್ತಿರಲಿಲ್ಲ. ಸುನಂದಾ ಅದನ್ನು ನೋಡಿ ಕಣ್ಣು ಮುಚ್ಚಿ ಒಮ್ಮೆ ಉಸಿರು ಬಿಟ್ಟಳು, ತೋಳು ಜೋಡಿಸಿದಳು, ಜಂಪರು ಶನಿವಾರ ಬೆಳಿಗ್ಗೆ ತಾಟು ಸೇರಿತು.

ಅದೇ ದಿನ ಲ್ಯಾಪ್‌ಟಾಪನ್ನು ಹಳಿಯಾಳದ ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟೆ. ಹಳೆಯ ಫೈಲುಗಳು ಸಿಗಲಾರವು ಎಂದು ಅವರು ಹೇಳಿದರು. ಯಾವುದು ಹಾಕಲಿ ಎಂದು ಕೇಳಿದರು. ತಲೆ ತಗ್ಗಿಸಿ, "ಪುದೀನಾ," ಎಂದೆ. ಅದರಲ್ಲಿ ಎಂಬ್ರಾಯ್ಡರಿ ಡಿಸೈನು ಮಾಡುವ ತಂತ್ರಾಂಶವೂ ಪುಕ್ಕಟೆಯಾಗಿ ಸಿಗುತ್ತದಂತೆ. ಕೇಳಿಸಿಕೊಂಡೆ, ಏನೂ ಮುಟ್ಟಲಿಲ್ಲ.

ಮದುವೆ ಭಾನುವಾರ, ಹಳಿಯಾಳದ ಮಂಗಲ ಕಾರ್ಯಾಲಯದಲ್ಲಿ. ದೀಪಾ ತಲೆ ತಗ್ಗಿಸಿ ನಿಂತಿದ್ದಳು. ಸೆರಗು ಎಡತೋಳನ್ನು ಸರಿಯಾಗಿ ಮುಚ್ಚಿತ್ತು. ನಾನು ಮನಸ್ಸಿನಲ್ಲೇ ಆ ಸೆರಗಿಗೆ ಕೈ ಮುಗಿದೆ. ಅಕ್ಕಿಕಾಳು ಬಿದ್ದವು. ಮಾಲೆ ಹಾಕಲು ದೀಪಾ ಎರಡೂ ಕೈ ಮೇಲೆತ್ತಿದಳು. ಹುಡುಗ ಎತ್ತರದವನು, ಇನ್ನೂ ಮೇಲೆತ್ತಿದಳು. ಸೆರಗು ಜಾರಿತು!

ಹುಡುಗನ ಕಣ್ಣು ಮೊದಲು ಬಲತೋಳಿನ ಮೇಲೆ ಹೋಯಿತು, ಮುಖ ಅರಳಿತು. ಆಮೇಲೆ ಎಡತೋಳಿನ ಮೇಲೆ ಹೋಗಿ ಅಲ್ಲೇ ನಿಂತಿತು. ಮಾಲೆಗೆ ಕತ್ತು ಬಗ್ಗಿಸಿದವನು ಅವಳ ಕಿವಿಯ ಹತ್ತಿರ ಏನೋ ಕೇಳಿದ. ದೀಪಾ ತನ್ನ ತೋಳನ್ನು ತಾನೇ ನೋಡಿಕೊಂಡಳು. ನಕ್ಕಳು. ತಡೆಯಲಾರದೆ ಗಟ್ಟಿಯಾಗಿ ನಕ್ಕಳು. ಅವನೂ ನಕ್ಕ. ಶಾಂತಕ್ಕ ಕಣ್ಣು ಬಿಟ್ಟರೂ ಇಬ್ಬರೂ ನಿಲ್ಲಿಸಲಿಲ್ಲ.

ಊಟದ ಹೊತ್ತಿಗೆ ಜೋಡಿ ಎಲ್ಲರನ್ನೂ ಮಾತಾಡಿಸುತ್ತ ಪಂಕ್ತಿಯ ಮುಂದೆ ಬಂತು. ಹುಡುಗ ಸುನಂದಾಳಿಗೆ ನಮಸ್ಕಾರ ಮಾಡಿ ಗಂಭೀರವಾಗಿ ಹೇಳಿದ: "ಕಾಕೂ, ಬಲಗೈ ಮ್ಯಾಲಿನ ಮಂಗಟ್ಟಿ ಖರೇನ ಜೀವಂತ ಇದ್ದಂಗ ಐತ್ರಿ. ಆದ್ರ ಎಡಗೈ ಮ್ಯಾಲಿಂದು ಯಾವ ಹಕ್ಕಿರಿ? ಇಷ್ಟು ವರ್ಷ ಅಡವಿ ತಿರುಗೇನಿ, ಇಂಥಾದ್ದು ಒಂದೂ ಕಂಡಿಲ್ಲ."

ಅತ್ತಿತ್ತ ಕೂತವರೆಲ್ಲ ತುತ್ತು ನಿಲ್ಲಿಸಿ ಕೇಳುತ್ತಿದ್ದರು. ಹವಾಲ್ದಾರರೂ ಕೇಳುತ್ತಿದ್ದರು. ನಾನು ಎಲೆಯೊಳಗಿನ ಜಿಲೇಬಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಮಾತಾಡುವುದಿಲ್ಲ. ಮದುವೆಯಾದ ದಿನ ಹೊಸ್ತಿಲಲ್ಲಿ ಅಡ್ಡಗಟ್ಟಿ, ಹೆಸರು ಹೇಳಿಯೇ ಒಳಗೆ ಬಾ ಎಂದು ಹೆಂಗಸರು ಎಷ್ಟು ಕಾಡಿದರೂ ಸುನಂದಾ ನಾಚಿ ಬಾಯಿ ಬಿಟ್ಟಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಅವಳಿಗೆ ಬರೀ "ರೀ". ನನ್ನ ಹೆಸರು ಅವಳ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅವಳು ಸೆರಗು ಸರಿಮಾಡಿಕೊಂಡಳು. ಒಂದಿಷ್ಟೂ ನಾಚಲಿಲ್ಲ. ಇಡೀ ಪಂಕ್ತಿಗೆ ಕೇಳಿಸುವಂತೆ, ಸ್ಪಷ್ಟವಾಗಿ ಹೇಳಿದಳು.

"ಅದಕ್ಕ ವಸಂತ ಅಂತಾರ್ರಿ."